ಕಾಡುವವರು ಯಾರು? ಬಿಡದ ಯೋಚನೆಯ ಇಂಗ್ಲಿಷ್ ಕ್ರಿಯಾಪದಗಳು

ಒಂದೇ ವಿಷಯ ತಲೆಯಿಂದ ಇಳಿಯದಿರುವುದನ್ನು ಹೇಳುವ ಇಂಗ್ಲಿಷ್ ಕ್ರಿಯಾಪದಗಳ ಅರ್ಥ ನನಗೆ ಕಷ್ಟವೆನಿಸಲಿಲ್ಲ. ಎಡವಿದ್ದು ಕರ್ತೃ ಯಾರು ಎಂಬಲ್ಲಿ. ‘ಆ ತಪ್ಪು ನನ್ನನ್ನು ಕಾಡುತ್ತಿದೆ’ ಎಂದು ಬರೆಯಲು ಹೋಗಿ ‘ಐ ಆ್ಯಮ್ ಹಾಂಟಿಂಗ್ ದಟ್ ಮಿಸ್ಟೇಕ್’ ಎಂದು ಬರೆದಿದ್ದೆ. ನಾನೇ ದೆವ್ವವಾಗಿ ಆ ತಪ್ಪನ್ನು ಕಾಡುತ್ತಿದ್ದೇನೆ ಎಂದು ಅದರ ಅರ್ಥ.

ಕನ್ನಡದಲ್ಲಿ ಕಾಡುವುದೂ ಕೊರೆಯುವುದೂ ಯೋಚನೆಯೇ. ಮನುಷ್ಯ ‘ನನ್ನನ್ನು’ ಎಂದು ದ್ವಿತೀಯಾ ವಿಭಕ್ತಿಯಲ್ಲಿ ನಿಲ್ಲುತ್ತಾನೆ. ಹಾಂಟ್, ಪ್ರಿಆಕ್ಯುಪೈ, ಕನ್ಸ್ಯೂಮ್ ಇದೇ ದಿಕ್ಕಿನವು: ‘ದಟ್ ಮಿಸ್ಟೇಕ್ ಹಾಂಟ್ಸ್ ಮಿ’. ಮನುಷ್ಯನನ್ನು ಮೊದಲಿಗೆ ತರಬೇಕಾದರೆ ಕರ್ಮಣಿ ರೂಪ ಬೇಕು: ‘ಐ ಆ್ಯಮ್ ಹಾಂಟೆಡ್ ಬೈ ಇಟ್’. ಡ್ವೆಲ್, ಬ್ರೂಡ್, ಫಿಕ್ಸೇಟ್, ರೂಮಿನೇಟ್ ಇವುಗಳಲ್ಲಿ ದಿಕ್ಕು ತಿರುಗುತ್ತದೆ. ಯೋಚಿಸುವವರೇ ಕರ್ತೃ, ವಿಷಯದ ಮುಂದೆ ಆನ್ ಅಥವಾ ಓವರ್ ಬರುತ್ತದೆ. ಡ್ವೆಲ್ ಮತ್ತು ಫಿಕ್ಸೇಟ್‌ಗೆ ಆನ್ ಎಂದಷ್ಟೇ ನೆನಪಿಟ್ಟರೆ ಸಾಕು. ಡ್ವೆಲ್ ಇನ್ ಎಂದರೆ ವಾಸಿಸುವುದು.

ನನ್ನನ್ನು ಎರಡು ದಿನ ಕಾಡಿದ್ದು ಅಬ್ಸೆಸ್, ಏಕೆಂದರೆ ಅದು ಎರಡೂ ದಿಕ್ಕಿಗೆ ಹೊರಳುತ್ತದೆ. ಅದರ ಲ್ಯಾಟಿನ್ ಮೂಲಕ್ಕೆ ಎದುರು ಕುಳಿತು ಮುತ್ತಿಗೆ ಹಾಕುವುದು ಎಂಬ ಅರ್ಥವಿದೆ. ಮುತ್ತುವುದು ವಿಚಾರ, ಮುತ್ತಿಗೆಗೆ ಸಿಕ್ಕವಳು ಅವಳು: ‘ದಿ ಐಡಿಯಾ ಅಬ್ಸೆಸ್ಡ್ ಹರ್’. ಅದನ್ನೇ ಕರ್ಮಣಿಗೆ ತಿರುಗಿಸಿದರೆ ‘ಶಿ ವಾಸ್ ಅಬ್ಸೆಸ್ಡ್ ವಿತ್ ದಿ ಐಡಿಯಾ’. ‘ಶಿ ಅಬ್ಸೆಸ್ಡ್ ಓವರ್ ದಿ ಐಡಿಯಾ’ ಎಂಬ ಈಚಿನ ಬಳಕೆಯಲ್ಲಿ ಮಾತ್ರ ಅವಳೇ ಕರ್ತೃ. ಕೊನೆಯ ಎರಡರಲ್ಲೂ ‘ಅಬ್ಸೆಸ್ಡ್’ ಎಂದೇ ಇರುವುದರಿಂದ ನಾನು ವಿತ್ ಮತ್ತು ಓವರ್‌ಗಳನ್ನು ಅದಲುಬದಲು ಮಾಡುತ್ತಿದ್ದೆ. ಈಗ ಹಿಂದಿನ ಪದವನ್ನು ನೋಡುತ್ತೇನೆ: ವಾಸ್, ಈಸ್, ಆ್ಯಮ್ ಇದ್ದರೆ ಅದು ಸಿಕ್ಕಿಬಿದ್ದ ಸ್ಥಿತಿ, ಆದ್ದರಿಂದ ವಿತ್, ಇಲ್ಲದಿದ್ದರೆ ಅದು ಅವಳು ಮಾಡಿದ ಕೆಲಸ, ಆದ್ದರಿಂದ ಓವರ್ ಅಥವಾ ಅಬೌಟ್. ಅಂದಹಾಗೆ, ಇಂದಿನ ಮಾತಿನಲ್ಲಿ ‘ಅಬ್ಸೆಸ್ಡ್ ವಿತ್’ ಎಂದರೆ ಕೇವಲ ‘ಅದರ ಹುಚ್ಚು ಹಿಡಿದಿದೆ’ ಎಂಬ ಮೆಚ್ಚುಗೆಯೂ ಆಗಬಹುದು; ‘ಅಬ್ಸೆಸ್ ಓವರ್’ನಲ್ಲಿ ಸಾಮಾನ್ಯವಾಗಿ ಚಿಂತೆಯೇ ಇರುತ್ತದೆ.

ರೂಮಿನೇಟ್ ಎಂದರೆ ಮೂಲದಲ್ಲಿ ಹಸು ಮೆಲುಕು ಹಾಕುವುದು. ನಮ್ಮ ಮಾತೂ ಅದೇ ಆದ್ದರಿಂದ ಸುಲಭವೆನಿಸಿತು, ಆದರೆ ನಾವು ಹೆಚ್ಚಾಗಿ ಸವಿನೆನಪುಗಳನ್ನು ಮೆಲುಕು ಹಾಕುತ್ತೇವೆ; ಮನಶ್ಶಾಸ್ತ್ರದ ಇಂಗ್ಲಿಷಿನಲ್ಲಿ ಅದು ನೋವನ್ನೇ ಮತ್ತೆ ಮತ್ತೆ ಅಗಿಯುವುದು. ಬ್ರೂಡ್‌ಗೆ ಕಾವು ಕುಳಿತ ಕೋಳಿಯನ್ನು ನೆನೆದರಾಯಿತು. ಮಲ್ ಓವರ್ ಅನ್ನು ಮಾತ್ರ ಈ ಗುಂಪಿನಿಂದ ತೆಗೆದಿದ್ದೇನೆ: ಹೊಸ ಕೆಲಸಕ್ಕೆ ಸೇರಬೇಕೇ ಬೇಡವೇ ಎಂದು ಅಳೆದು ತೂಗುವುದು ಅದು, ಬೇಕೆಂದಾಗ ನಿಲ್ಲಿಸಬಹುದು.