ಬಾಟಲಿ ತುಂಬಾ ಪೆನ್ನಿ: ಯಾವುದನ್ನು ಎತ್ತಿಡಬೇಕು?

ಕಳೆದ ತಿಂಗಳು ನಿವೃತ್ತ ಟೀಚರ್ ಒಬ್ಬರು ಬೆಂಗಳೂರಿನ ನಮ್ಮ ಹಳೇ ನಾಣ್ಯದ ಅಂಗಡಿಗೆ ಬಂದರು. ಬ್ಯಾಗಿನಿಂದ ಉಪ್ಪಿನಕಾಯಿ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಒಳಗೆಲ್ಲ ಅಮೆರಿಕದ ಪೆನ್ನಿಗಳು, ಅಂದರೆ ಒಂದು ಸೆಂಟಿನ ನಾಣ್ಯಗಳು. ನ್ಯೂಜೆರ್ಸಿಯ ಮಗಳ ಮನೆಗೆ ನಾಲ್ಕು ಸಲ ಹೋಗಿಬಂದಾಗ ಕೂಡಿದ ಚಿಲ್ಲರೆ. "ಪೆನ್ನಿ ಮಾಡೋದನ್ನೇ ನಿಲ್ಲಿಸಿದ್ದಾರಂತಲ್ಲ ಸಾರ್, ಇನ್ನು ಇದಕ್ಕೆ ಒಳ್ಳೇ ಬೆಲೆ ಬರುತ್ತೆ ಅಲ್ವಾ?" ಎಂದರು.

ನಿಲ್ಲಿಸಿದ್ದು ನಿಜ. 2025ರ ನವೆಂಬರ್ 12ರಂದು ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಚಲಾವಣೆಗೆಂದು ಮಾಡಿದ ಕೊನೆಯ ಪೆನ್ನಿಗಳು ಅಚ್ಚಾದವು. ಒಂದು ಸೆಂಟಿನ ನಾಣ್ಯಕ್ಕೆ ಸುಮಾರು 3.7 ಸೆಂಟ್ ಖರ್ಚು ಬರುತ್ತಿತ್ತು. ಆದರೆ ಹತ್ತು ಸಾವಿರ ಕೋಟಿಗೂ ಜಾಸ್ತಿ ಪೆನ್ನಿಗಳು ಇನ್ನೂ ಹೊರಗಿವೆ ಎಂದು ಅಲ್ಲಿನ ಸರ್ಕಾರವೇ ಅಂದಾಜು ಮಾಡಿದೆ. ಹೊಸದು ಬರುವುದಿಲ್ಲ ಅಂದ ಮಾತ್ರಕ್ಕೆ ಇದ್ದದ್ದೆಲ್ಲ ಅಪರೂಪ ಆಗುವುದಿಲ್ಲ. ಆ ಬಾಟಲಿಯ ಬಹುಪಾಲು ಇವತ್ತಿಗೂ ಒಂದೊಂದು ಸೆಂಟೇ.

ಉಳಿದವು ಯಾವುವು ಎಂದು ಹುಡುಕಲು ನನಗೆ ಬೇಕಾಗುವುದು ಮೂರೇ ಸಾಮಾನು. ಒಂದು ಭೂತಗನ್ನಡಿ, ಒಂದು ಅಯಸ್ಕಾಂತ, ಮಿಲಿಗ್ರಾಂ ತೋರಿಸುವ ಚಿಕ್ಕ ತೂಕದ ಯಂತ್ರ.

ಮೊದಲು ನಾಣ್ಯದ ಹಿಂಬದಿ ನೋಡಿ. ಎರಡು ಗೋಧಿ ತೆನೆ ಇದ್ದರೆ ಅದು 1909ರಿಂದ 1958ರ ಒಳಗಿನದು. ಯೋಚನೆ ಮಾಡದೆ ಪಕ್ಕಕ್ಕಿಡಿ. ಹೆಚ್ಚಿನವಕ್ಕೆ ಕೆಲವು ಸೆಂಟುಗಳಷ್ಟೇ ಬೆಲೆ. ಆದರೂ ಚಿಲ್ಲರೆಯಲ್ಲಿ ಸಿಗುವುದು ಕಡಿಮೆ, ಒಳ್ಳೆಯವು ಇರುವುದೂ ಇವುಗಳ ನಡುವೆಯೇ. ಆಮೇಲೆ ಮುಂಬದಿಯಲ್ಲಿ ಇಸವಿಯ ಕೆಳಗೆ ಪುಟ್ಟ ಅಕ್ಷರ ಇದೆಯಾ ನೋಡಿ. ನಾಣ್ಯ ಅಚ್ಚಾದ ಟಂಕಸಾಲೆಯ ಗುರುತು ಅದು. ಡಿ ಅಂದರೆ ಡೆನ್ವರ್, ಎಸ್ ಅಂದರೆ ಸ್ಯಾನ್ ಫ್ರಾನ್ಸಿಸ್ಕೋ. ಏನೂ ಇಲ್ಲದಿದ್ದರೆ ಸಾಮಾನ್ಯವಾಗಿ ಫಿಲಡೆಲ್ಫಿಯಾ. 1931ರ ಎಸ್ ಪೆನ್ನಿಗಳು 8,66,000 ಮಾತ್ರ. 1909ರ ಎಸ್‌ನಲ್ಲಿ ಹಿಂಬದಿಯ ಬುಡದಲ್ಲಿ ವಿ.ಡಿ.ಬಿ. ಎಂದು ಇದ್ದರೆ ಅದು 4,84,000ದಲ್ಲಿ ಒಂದು. ಸವೆದು ಹೋಗಿದ್ದರೂ ನೂರಾರು ಡಾಲರ್ ಬಾಳುತ್ತದೆ. ಆ ಮೂರು ಅಕ್ಷರ ಮುಂಬದಿಯಲ್ಲಿರುವ ಅಧ್ಯಕ್ಷ ಲಿಂಕನ್ ಚಿತ್ರ ಬಿಡಿಸಿದ ವಿಕ್ಟರ್ ಡೇವಿಡ್ ಬ್ರೆನ್ನರ್ ಅವರ ಹೆಸರಿನವು. ತುಂಬಾ ಎದ್ದು ಕಾಣುತ್ತವೆ ಎಂದು ಜನ ದೂರಿದ್ದರಿಂದ ಅದೇ ವರ್ಷ ತೆಗೆದುಹಾಕಿದರು. 1918ರಲ್ಲಿ ಲಿಂಕನ್ನರ ಹೆಗಲ ಅಂಚಿನಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ವಾಪಸ್ ಬಂದವು.

ಈ ಕಥೆ ಯಾಕೆ ಹೇಳಿದೆ ಅಂದರೆ, ಮೋಸ ಹಿಡಿಯಲು ಇದೇ ದಾರಿ. 1914ರ ಡಿ ಪೆನ್ನಿಗೂ ಒಳ್ಳೆ ಬೆಲೆ ಇದೆ. ಹಾಗಾಗಿ 1944ರ ಡಿ ಪೆನ್ನಿಯಲ್ಲಿ ಮೊದಲ ನಾಲ್ಕನ್ನು ಕೆರೆದು ಒಂದು ಮಾಡಿ ಮಾರುವವರಿದ್ದಾರೆ. ಹೆಗಲ ಅಂಚಿಗೆ ಭೂತಗನ್ನಡಿ ಹಿಡಿಯಿರಿ. 1914ರಲ್ಲಿ ಅಲ್ಲಿ ವಿ.ಡಿ.ಬಿ. ಇರಲೇ ಇಲ್ಲ. ಇದ್ದರೆ ನಕಲಿ. ಒಂಬತ್ತು ಮತ್ತು ಒಂದರ ನಡುವಿನ ಜಾಗವೂ ಜಾಸ್ತಿ ಕಾಣುತ್ತದೆ.

ಬೂದು ಬಣ್ಣದ 1943ರ ಪೆನ್ನಿ ಕಂಡರೆ ಜನ ಬೆಳ್ಳಿ ಎಂದುಕೊಳ್ಳುತ್ತಾರೆ. ಅದು ಸತು ಬಳಿದ ಉಕ್ಕು. ಯುದ್ಧಕ್ಕೆ ತಾಮ್ರ ಬೇಕಿತ್ತು. (ನಮ್ಮ ತೂತಿನ ಕಾಸು ಬಂದಿದ್ದೂ ಅದೇ ವರ್ಷ, ಲೋಹ ಉಳಿಸಲೆಂದೇ.) ಇವು ನೂರು ಕೋಟಿಗೂ ಮೇಲೆ ಅಚ್ಚಾಗಿವೆ. ನೆನಪಿಗೆ ಇಟ್ಟುಕೊಳ್ಳಿ, ದುಡ್ಡಿಗಲ್ಲ. ತಾಮ್ರದ ಬಣ್ಣದ 1943 ಸಿಕ್ಕರೆ ಮೊದಲು ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ಉಕ್ಕಿಗೆ ತಾಮ್ರ ಬಳಿದದ್ದು.

ಇನ್ನು ತಾಮ್ರದ ವಿಷಯ. 1943 ಬಿಟ್ಟರೆ, 1982ರವರೆಗೆ ಪೆನ್ನಿಯಲ್ಲಿ ನೂರಕ್ಕೆ 95 ಭಾಗ ತಾಮ್ರ, ತೂಕ 3.11 ಗ್ರಾಂ. ಆ ವರ್ಷದ ನಡುವೆ ಸತುವಿಗೆ ಬದಲಾಯಿಸಿ ಮೇಲೆ ತೆಳ್ಳಗೆ ತಾಮ್ರ ಕೊಟ್ಟರು, ತೂಕ 2.5 ಗ್ರಾಂಗೆ ಇಳಿಯಿತು. ಮೇಜಿನ ಮೇಲೆ ಹಾಕಿದರೆ ಹಳೆಯದು ಠಣ್ ಅನ್ನುತ್ತದೆ, ಹೊಸದು ಡಬ್ ಅನ್ನುತ್ತದೆ. ತಾಮ್ರದ ಬೆಲೆ ಸಿಗುತ್ತದೆ ಎಂದು ಕೆ.ಜಿ.ಗಟ್ಟಲೆ ಕೂಡಿಡುವವರಿದ್ದಾರೆ. ನಾನು ಯಾರಿಗೂ ಹಾಗೆ ಮಾಡಿ ಎಂದು ಹೇಳುವುದಿಲ್ಲ. ಪೆನ್ನಿ ಕರಗಿಸುವುದನ್ನು ಅಮೆರಿಕ 2006ರ ಡಿಸೆಂಬರ್‌ನಿಂದ ನಿಷೇಧಿಸಿದೆ. ದೇಶದಿಂದ ಹೊರಗೆ ಒಯ್ಯುವುದಕ್ಕೂ ಅದೇ ನಿಯಮದಲ್ಲಿ ಮಿತಿ ಇದೆ: ಪೆನ್ನಿ, ನಿಕಲ್ (ಐದು ಸೆಂಟಿನ ನಾಣ್ಯ) ಸೇರಿ 5 ಡಾಲರ್, ಸ್ವಂತ ಸಂಗ್ರಹಕ್ಕೆ ಅಂತಾದರೆ 25 ಡಾಲರ್. ಹಾಗಾಗಿ ಸುಮ್ನೆ ಮೂಟೆ ಹೊತ್ತು ತರಬೇಡಿ, ಅಲ್ಲೇ ಆರಿಸಿ. 1982ರ ಪೆನ್ನಿಗಳನ್ನು ಮಾತ್ರ ಒಂದೊಂದಾಗಿ ತೂಗಿ. ಡೆನ್ವರ್‌ನದು, ಇಸವಿ ಸಣ್ಣ ಅಂಕಿಯಲ್ಲಿದ್ದು, ತೂಕ 3.1 ಗ್ರಾಂ ಬಂದರೆ ಪರಿಣತರಿಗೆ ತೋರಿಸಲೇಬೇಕು. ಅಂಥವು ಬೆರಳೆಣಿಕೆಯಷ್ಟೇ ಸಿಕ್ಕಿವೆ.

ನನಗೆ ಅತಿ ಇಷ್ಟದ್ದು ಜೋಡಿ ಅಚ್ಚು. ಹಿಂದೆ ಒಂದು ಅಚ್ಚು ತಯಾರಿಸಲು ಮೂಲ ಅಚ್ಚಿನಿಂದ ಒಂದಕ್ಕಿಂತ ಹೆಚ್ಚು ಸಲ ಒತ್ತಬೇಕಿತ್ತು. ಎರಡನೇ ಸಲ ಕೂದಲೆಳೆ ಜರುಗಿದರೂ ಅಕ್ಷರ ಎರಡೆರಡಾಗುತ್ತಿತ್ತು. ಆ ಅಚ್ಚಿನಿಂದ ಹೊರಬಿದ್ದ ಪ್ರತಿ ನಾಣ್ಯದಲ್ಲೂ ಅದೇ ಜೋಡಿ. 1955ರದು ಬರಿಗಣ್ಣಿಗೇ ಕಾಣುತ್ತದೆ, ಬೆಲೆ ಸಾವಿರ ಡಾಲರ್ ದಾಟುತ್ತದೆ. 1972 ಮತ್ತು 1995ರಲ್ಲೂ ಮುಂಬದಿಯಲ್ಲಿದೆ, 1983ರಲ್ಲಿ ಹಿಂಬದಿಯಲ್ಲಿ. 1984ರಲ್ಲಿ ಲಿಂಕನ್ನರ ಕಿವಿಯ ಕೆಳಗೆ ಇನ್ನೊಂದು ಕಿವಿಯ ಹಾಲೆ. ಆದರೆ ಒಂದು ಎಚ್ಚರ. ಅಚ್ಚು ಬಡಿಯುವಾಗ ಸಡಿಲವಾಗಿ ಜಾರಿದರೂ ಜೋಡಿಯಂತೆ ಕಾಣುತ್ತದೆ. ಅದರ ನೆರಳು ಚಪ್ಪಟೆ, ಮೆಟ್ಟಿಲಿನಂತೆ. ಅದಕ್ಕೆ ಬೆಲೆ ಇಲ್ಲ. ನಿಜವಾದ ಜೋಡಿಯಲ್ಲಿ ಎರಡೂ ಗೆರೆ ಉಬ್ಬಿರುತ್ತವೆ, ಅಕ್ಷರದ ತುದಿ ಸೀಳಿರುತ್ತದೆ.

ಟೀಚರ್ ಬಾಟಲಿಗೆ ಬರುತ್ತೇನೆ. ಗೋಧಿ ತೆನೆಯವು ಮೂರು ಸಿಕ್ಕವು: 1944, 1951ರ ಡಿ, 1956ರ ಡಿ. ಮೂರೂ ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿದ್ದವು. "ದೇವರ ತಾಮ್ರದ ಚೊಂಬಿನ ಜೊತೆ ಹುಣಸೆಹಣ್ಣು ಹಾಕಿ ಉಜ್ಜಿದೆ ಸಾರ್" ಎಂದರು. ಪ್ರೀತಿಯಿಂದಲೇ ಮಾಡಿದ್ದು, ಆದರೆ ಕೇಳಿ ನನಗೆ ಸಂಕಟವಾಯಿತು. ಹುಣಸೆ ಹುಳಿ ತಾಮ್ರದ ಮೇಲ್ಪದರವನ್ನೇ ತಿನ್ನುತ್ತದೆ. ಎಪ್ಪತ್ತು ವರ್ಷದಲ್ಲಿ ತಾನಾಗಿ ಬಂದ ಕಂದು ಬಣ್ಣ ಐದು ನಿಮಿಷದಲ್ಲಿ ಹೋಗುತ್ತದೆ, ಮತ್ತೆ ಬರುವುದಿಲ್ಲ. ಸಂಗ್ರಹ ಮಾಡುವವರು ಅಂಥ ನಾಣ್ಯವನ್ನು ಕಂಡೊಡನೆ ಕೆಳಗಿಡುತ್ತಾರೆ. ಉಜ್ಜುವುದು, ನಿಂಬೆಹಣ್ಣು, ಪೀತಾಂಬರಿ ಪುಡಿ ಯಾವುದೂ ಬೇಡ. ಅಂಚು ಹಿಡಿದು ಎತ್ತಿ, ಒಣ ಕಾಗದದ ಕವರಿನಲ್ಲಿ ಇಡಿ. ಮೆತ್ತನೆಯ ಪಿ.ವಿ.ಸಿ. ಕವರಿನಲ್ಲಿ ಇಟ್ಟರೆ ಕೆಲವು ವರ್ಷದಲ್ಲಿ ಹಸಿರು ಅಂಟು ಕೂರುತ್ತದೆ.

ಕೊನೆಯ ಸಲ ಹೋದಾಗಿನ ಚಿಲ್ಲರೆ ಇನ್ನೂ ಅವರ ಪರ್ಸಿನಲ್ಲೇ ಇತ್ತು, ತೊಳೆದಿರಲಿಲ್ಲ. ಅದರಲ್ಲೊಂದು 1995. ಭೂತಗನ್ನಡಿ ಅವರ ಕೈಗೇ ಕೊಟ್ಟೆ. ಲಿಬರ್ಟಿ ಎಂಬ ಪದವನ್ನು ತುಂಬಾ ಹೊತ್ತು ನೋಡಿದರು. "ಬಿ ಎರಡೆರಡು ಇದೆ ಅಲ್ವಾ?" ಎಂದರು. ಇತ್ತು. ಹತ್ತಾರು ಡಾಲರ್ ಬಾಳುವ ಪೆನ್ನಿ ಅದು. ಅದನ್ನು ಕವರಿಗೆ ಹಾಕಿ, ಅವರ ಕೈಯಲ್ಲೇ ಇಸವಿ ಬರೆಸಿದೆ. ಮೂರು ಗೋಧಿ ತೆನೆ ಪೆನ್ನಿಗಳು ಮೊಮ್ಮಗನಿಗೆ ಅಂದರು. ಬಾಟಲಿ ಮುಂದಿನ ಸಲ ನ್ಯೂಜೆರ್ಸಿಗೆ ವಾಪಸ್ ಹೋಗುತ್ತದೆ, ಅಲ್ಲೇ ತರಕಾರಿಗೆ ಖರ್ಚಾಗಲು.