ಧಾತು ಬರದಿಂದ ಆಸರೆ ಮನೆಗಳವರೆಗೆ: ಪರಿಹಾರವನ್ನು ಅಳೆದವರ ಕಥೆ

1877ರ ಜನವರಿ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದ ಒಂದು ಜಿಲ್ಲೆ. ಹಿಂದಿನ ವರ್ಷ, ಅಂದರೆ ಧಾತು ಸಂವತ್ಸರದಲ್ಲಿ, ಮಳೆ ಕೈಕೊಟ್ಟಿತ್ತು. ಜೋಳದ ಹೊಲ ಒಣಗಿದ್ದವು, ಹಗೇವು ಖಾಲಿಯಾಗುತ್ತಿದ್ದವು. ಸರ್ಕಾರ ತೆರೆದ ಬರ ಕಾಮಗಾರಿಗಳಿಗೆ ಜನ ಸಾವಿರಗಟ್ಟಲೆ ಬಂದು ಸೇರಿದ್ದರು. ಅಷ್ಟರಲ್ಲಿ ವೈಸ್‌ರಾಯ್ ಲಿಟ್ಟನ್ ಕಡೆಯಿಂದ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬಂದ. ಖರ್ಚು ಕೈಮೀರುತ್ತಿದೆ ಅನ್ನೋದು ಅವನ ತಕರಾರು. ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯಕ್ಕೆ ಇಳಿಸಿದ. ಅಂದರೆ ಇವತ್ತಿನ ಲೆಕ್ಕದಲ್ಲಿ 450 ಗ್ರಾಂ ಚಿಲ್ಲರೆ. ಅದರ ಜೊತೆ ಉಪ್ಪು, ಮೆಣಸಿನಕಾಯಿಗೆ ಅಂತ ಒಂದಿಷ್ಟು ಪುಡಿಗಾಸು. ಇಷ್ಟರಲ್ಲಿ ಕೂಲಿಯವನು ದಿನವಿಡೀ ಮಣ್ಣು ಹೊರಬೇಕು, ಕಲ್ಲು ಒಡೆಯಬೇಕು.

ಇದಕ್ಕೆ ತಿರುಗಿಬಿದ್ದವನು ಮದ್ರಾಸ್ ಸರ್ಕಾರದ್ದೇ ಸ್ಯಾನಿಟರಿ ಕಮಿಷನರ್, ಅಂದರೆ ಜನರ ಆರೋಗ್ಯ ನೋಡಿಕೊಳ್ಳುವ ಅಧಿಕಾರಿ, ಡಬ್ಲ್ಯು. ಆರ್. ಕಾರ್ನಿಶ್. ವೃತ್ತಿಯಿಂದ ವೈದ್ಯ. ಇಷ್ಟು ತಿಂದು ದುಡಿಯುವ ಮೈ ಉಳಿಯೋದಿಲ್ಲ, ಜೈಲಿನ ಕೈದಿಗೇ ಇದಕ್ಕಿಂತ ಜಾಸ್ತಿ ಸಿಗುತ್ತೆ ಅನ್ನೋದು ಅವನ ವಾದ. ಇಬ್ಬರ ನಡುವೆ ಕಾಗದದ ಜಗಳ ತಿಂಗಳುಗಟ್ಟಲೆ ನಡೆಯಿತು. ಟೆಂಪಲ್ ಖಜಾನೆಯ ಲೆಕ್ಕ ನೋಡುತ್ತಿದ್ದ, ಕಾರ್ನಿಶ್ ಕೂಲಿಯವರ ಮೈ ನೋಡುತ್ತಿದ್ದ. ಕೊನೆಗೆ ಕೂಲಿ ಒಂದಿಷ್ಟು ಏರಿತು. ಅಷ್ಟರೊಳಗೆ ಎಷ್ಟೋ ಜನ ಹೋಗಿಬಿಟ್ಟಿದ್ದರು. ಆ ಬರದಲ್ಲಿ ಬ್ರಿಟಿಷ್ ಆಳ್ವಿಕೆಯ ಪ್ರದೇಶಗಳಲ್ಲೇ 50 ಲಕ್ಷಕ್ಕೂ ಹೆಚ್ಚು ಜನ ಸತ್ತರು ಎಂಬ ಅಂದಾಜಿದೆ. 1881ರ ಜನಗಣತಿಯಲ್ಲಿ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 1871ಕ್ಕಿಂತ ಕಡಿಮೆ ಬಂತು. ಹತ್ತು ವರ್ಷದಲ್ಲಿ ಊರು ಬೆಳೆಯೋದು ಹೋಗಲಿ, ಇದ್ದವರೇ ಇರಲಿಲ್ಲ.

ಟೆಂಪಲ್ ಕಲ್ಲೆದೆಯವನು ಅಂದು ಸುಮ್ನಾಗಬಹುದಿತ್ತು. ಆದರೆ ಮೂರು ವರ್ಷ ಹಿಂದೆ, 1874ರಲ್ಲಿ, ಬಿಹಾರದ ಬರವನ್ನು ನಿಭಾಯಿಸಿದವನೂ ಅವನೇ. ಅಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಧಾರಾಳವಾಗಿ ಹಂಚಿದ್ದ. ಹಸಿವಿನಿಂದ ಸತ್ತವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕೆ ಅವನಿಗೆ ಸಿಕ್ಕಿದ್ದು ಬೈಗುಳ: ದುಂದು ಮಾಡಿದ, ಖಜಾನೆ ಬರಿದು ಮಾಡಿದ ಅಂತ. ಜೀವ ಉಳಿಸಿದ ಕೆಲಸವನ್ನು ರೂಪಾಯಿಯಲ್ಲಿ ಅಳೆದರು, ಅವನು ಪಾಠ ಕಲಿತ. ಆ ಪಾಠದ ಫೀಸು ಕಟ್ಟಿದವರು ಬಳ್ಳಾರಿ, ಕರ್ನೂಲು, ಕಡಪಾದ ಜನ. ಪರಿಹಾರವನ್ನು ಯಾವ ಅಳತೆಗೋಲಿನಿಂದ ಅಳೆಯುತ್ತೀರೋ ಮುಂದಿನ ಸಲ ಅದೇ ಅಳತೆಯ ಪರಿಹಾರ ಬರುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಇದೇ ಬರದಲ್ಲಿ ಹೂಪರ್ ಎಂಬ ಸೇನಾಧಿಕಾರಿ ಎಲುಬಿನ ಗೂಡಾದ ಜನರನ್ನು ಸಾಲಾಗಿ ಕೂರಿಸಿ ಫೋಟೋ ತೆಗೆದ. ಫೋಟೋ ತೆಗೆದವನು ಒಂದು ತುತ್ತು ಕೊಟ್ಟನೇ ಅಂತ ಅವತ್ತೇ ಜನ ಕೇಳಿದರು. ಆಹಾರದ ಕಿಟ್ಟಿಗೆ ನಾಲ್ಕು ಕೈ ಹಿಡಿದು ಫೋಟೋ ತೆಗೆಸಿಕೊಳ್ಳುವ ಈಗಿನವರನ್ನು ನೋಡಿದಾಗ ಹೂಪರ್ ನೆನಪಾಗುತ್ತಾನೆ.

ಬರ ಮುಗಿದ ಮೇಲೆ ಸರ್ ರಿಚರ್ಡ್ ಸ್ಟ್ರೇಚಿ ಅಧ್ಯಕ್ಷತೆಯಲ್ಲಿ ಆಯೋಗ ಕೂತಿತು. 1880ರಲ್ಲಿ ವರದಿ ಬಂತು, ಅದರಿಂದ ಫ್ಯಾಮಿನ್ ಕೋಡ್‌ಗಳು ಹುಟ್ಟಿದವು. ಧಾನ್ಯದ ಬೆಲೆ ಏರಿತಾ, ಜನ ಗುಳೆ ಹೊರಟರಾ, ಕಳ್ಳತನ ಜಾಸ್ತಿಯಾಯಿತಾ ಅಂತ ಕಲೆಕ್ಟರ್ ಮೊದಲೇ ಕಣ್ಣಿಟ್ಟು ನೋಡಬೇಕು ಅಂತ ಅದರಲ್ಲಿತ್ತು. ಪರಿಹಾರಕ್ಕೆ ಒಂದು ನಿಯಮಾವಳಿ ಸಿಕ್ಕಿದ್ದು ಹೀಗೆ. ನಮ್ಮ ಈಗಿನ ಬರ ಕೈಪಿಡಿಗಳ ಅಜ್ಜ ಅದು.

ಇದಾದ ಮೇಲೆ ಸುಮಾರು ನೂರು ವರ್ಷ, ಪರಿಹಾರ ಅಂದರೆ ಹಂಚೋದು, ಲೆಕ್ಕ ಅಂದರೆ ಹಂಚಿದ್ದರ ಲೆಕ್ಕ. ಎಷ್ಟು ಟನ್ ಅಕ್ಕಿ, ಎಷ್ಟು ಕಂಬಳಿ, ಎಷ್ಟು ಟಾರ್ಪಾಲು. ಕೊಟ್ಟದ್ದು ಪುಣ್ಯದ ಕೆಲಸ, ಪುಣ್ಯಕ್ಕೆ ಯಾರಾದರೂ ಆಡಿಟ್ ಮಾಡ್ತಾರಾ?

ಆ ಮನಸ್ಸು ಬದಲಾಗಿದ್ದು 1994ರಲ್ಲಿ, ಆಫ್ರಿಕಾದಲ್ಲಿ. ಅದು ಪ್ರಕೃತಿ ವಿಕೋಪ ಅಲ್ಲ, ರುವಾಂಡದ ನರಮೇಧದ ನಂತರದ ಕಥೆ. ಗಡಿ ದಾಟಿ ಗೋಮಾ ಊರಿನ ಸುತ್ತ ಬಂದು ಬಿದ್ದ ನಿರಾಶ್ರಿತರಲ್ಲಿ ಕಾಲರಾ, ಭೇದಿ ಹಬ್ಬಿ ಒಂದೇ ತಿಂಗಳಲ್ಲಿ ಸುಮಾರು 50,000 ಜನ ಸತ್ತರು. ಜಗತ್ತಿನ ಸಂಸ್ಥೆಗಳೆಲ್ಲ ಬಾವುಟ ನೆಟ್ಟುಕೊಂಡು ಅಲ್ಲೇ ಇದ್ದವು. ಹಾಗಿದ್ದೂ ಹೀಗಾಯಿತಲ್ಲ ಅಂತ ಹಲವು ದೇಶಗಳು ಸೇರಿ ಜಂಟಿ ಮೌಲ್ಯಮಾಪನ ಮಾಡಿಸಿದವು. 1996ರಲ್ಲಿ ಬಂದ ಆ ವರದಿ ಸಂಸ್ಥೆಗಳ ಮುಖಕ್ಕೆ ಕನ್ನಡಿ ಹಿಡಿಯಿತು. ಮಾರನೇ ವರ್ಷವೇ ಪರಿಹಾರಕ್ಕೆ ಕನಿಷ್ಠ ಮಟ್ಟ ನಿಗದಿ ಮಾಡುವ ಸ್ಫಿಯರ್ ಎಂಬ ಯೋಜನೆ ಶುರುವಾಯಿತು. ಶಿಬಿರದಲ್ಲಿ ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ಸೂರಿನಡಿ 3.5 ಚದರ ಮೀಟರ್ ಜಾಗ, 20 ಜನಕ್ಕೆ ಒಂದು ಶೌಚಾಲಯ, 2,100 ಕ್ಯಾಲೊರಿ ಆಹಾರ. ಕಾರ್ನಿಶ್ ಕೇಳಿದ್ದ ಪ್ರಶ್ನೆಗೆ 120 ವರ್ಷ ತಡವಾಗಿ ಉತ್ತರ ಸಿಕ್ಕಿತು ಅನ್ನಬಹುದು.

ಆಮೇಲೆ 2004ರ ಡಿಸೆಂಬರ್ 26ರ ಸುನಾಮಿ. ಸತ್ತವರು ಎರಡು ಲಕ್ಷಕ್ಕೂ ಹೆಚ್ಚು. ಕ್ರಿಸ್‌ಮಸ್ ರಜೆಯಲ್ಲಿ ಟಿವಿ ಮುಂದೆ ಕೂತಿದ್ದ ಜಗತ್ತು ದುಡ್ಡಿನ ಹೊಳೆ ಹರಿಸಿತು. ನಲವತ್ತಕ್ಕೂ ಹೆಚ್ಚು ಸಂಸ್ಥೆಗಳು ಕೂಡಿ ಮಾಡಿದ ಮೌಲ್ಯಮಾಪನ 2006ರ ಜುಲೈನಲ್ಲಿ ಹೊರಬಂತು. ಅದರಲ್ಲಿ ಒಂದು ಲೆಕ್ಕ ಇದೆ. ಸುನಾಮಿ ಸಂತ್ರಸ್ತರಿಗೆ ತಲೆಗೆ 7,100 ಡಾಲರ್‌ಗೂ ಮೇಲೆ ನೆರವು ಬಂದಿತ್ತು. ಅದೇ 2004ರ ಬಾಂಗ್ಲಾದೇಶ ನೆರೆಯಲ್ಲಿ ತಲೆಗೆ ಖರ್ಚಾಗಿದ್ದು 3 ಡಾಲರ್. ನೀರು ಅದೇ ನೀರು. ಕ್ಯಾಮೆರಾ ಬೇರೆ. ಆ ವರದಿ ಹೇಳಿದ ಇನ್ನೊಂದು ಮಾತು ನಮ್ಮ ಹೊಳೆ ದಂಡೆಯವರಿಗೆ ಹೊಸದೇನಲ್ಲ: ಮೊದಲ ದಿನಗಳಲ್ಲಿ ಜೀವ ಉಳಿಸಿದವರು ಹೊರಗಿನಿಂದ ವಿಮಾನದಲ್ಲಿ ಬಂದವರಲ್ಲ, ಪಕ್ಕದ ಮನೆಯವರು, ಪಕ್ಕದ ಊರಿನವರು.

ನಮ್ಮ ಕಡೆಗೆ ಬರೋಣ. 2009ರಲ್ಲಿ ಮುಂಗಾರು ಶುರುವಿಗೆ ಮಳೆ ಇಲ್ಲ, ಎಲ್ಲರ ಬಾಯಲ್ಲೂ ಬರದ ಮಾತು. ಸೆಪ್ಟೆಂಬರ್ ಕೊನೆಗೆ ಆಕಾಶ ಹರಿದುಕೊಂಡು ಬಿತ್ತು. ಅಕ್ಟೋಬರ್ 2ಕ್ಕೆ ತುಂಗಭದ್ರೆ ಆಚೆ ದಡದ ಮಂತ್ರಾಲಯದ ಮಠದೊಳಕ್ಕೆ ನುಗ್ಗಿತ್ತು, ಈಚೆ ದಡದಲ್ಲಿ ರಾಯಚೂರು ತಾಲ್ಲೂಕಿನ ಊರುಗಳು ಮುಳುಗಿದ್ದವು. ಸಿರುಗುಪ್ಪ ಕಡೆಯೂ ಅದೇ ಗತಿ. ರಾಜ್ಯದಲ್ಲಿ ಸತ್ತವರ ಸಂಖ್ಯೆ 200 ದಾಟಿತು. ಹೊಳೆ ಒಯ್ದದ್ದಕ್ಕಿಂತ ಮನೆ ಕುಸಿದು ಹೋದ ಜೀವಗಳೂ ಕಡಿಮೆಯಲ್ಲ. ನಮ್ಮ ಕಡೆ ಮಣ್ಣಿನ ಮಾಳಿಗೆ ಮನೆಗಳು. ಬಿಸಿಲಿಗೆ ತಣ್ಣಗಿರುತ್ತವೆ, ಬಿಟ್ಟೂ ಬಿಡದೆ ನಾಲ್ಕು ದಿನ ಹೊಡೆಯುವ ಮಳೆಗೆ ಅಲ್ಲ. ಮಾಳಿಗೆ ಮಣ್ಣು ನೀರು ಕುಡಿದು ಭಾರವಾಗುತ್ತೆ, ತೊಲೆ ಬಾಗುತ್ತೆ.

ಮುಳುಗಿದ ಊರುಗಳನ್ನು ಎತ್ತರದ ಜಾಗಕ್ಕೆ ಸಾಗಿಸೋಣ ಅಂತ ಸರ್ಕಾರ ತೀರ್ಮಾನಿಸಿತು. ಅದೇ 'ಆಸರೆ'. ಜಾಗ ಸರ್ಕಾರದ್ದು, ಮನೆ ಕಟ್ಟಿಸಲು ಕಂಪನಿಗಳು, ಮಠಗಳು, ದಾನಿಗಳು ಮುಂದೆ ಬಂದರು. ರಾಯಚೂರು ತಾಲ್ಲೂಕಿನ ಡೊಂಗರಾಂಪುರದಲ್ಲಿ ಮಾತಾ ಅಮೃತಾನಂದಮಯಿ ಮಠ ಕಟ್ಟಿಸಿದ ಮೊದಲ ಕಂತಿನ ಮನೆಗಳು ಕೆಲವೇ ವಾರಗಳಲ್ಲಿ ಎದ್ದವು. ಆ ವೇಗವನ್ನು ಮೆಚ್ಚಲೇಬೇಕು. ಆದರೆ ಬೇರೆ ಎಷ್ಟೋ ಕಡೆ ಕಟ್ಟಿದ ಮನೆಗಳಿಗೆ ಜನ ಹೋಗಲಿಲ್ಲ. ಹೋದವರಲ್ಲೂ ಕೆಲವರು ತಿರುಗಿ ಹಳೇ ಊರಿಗೇ ಬಂದರು. ಉತ್ತರ ಕರ್ನಾಟಕದಲ್ಲಿ ಹೀಗೆ ಕಟ್ಟಿದ ಹೊಸ ಊರುಗಳಲ್ಲಿ, ಅಂದರೆ ನವಗ್ರಾಮಗಳಲ್ಲಿ, ಬೀಗ ಬಿದ್ದ ಮನೆ, ಕಿಟಕಿ ಕಿತ್ತುಹೋದ ಮನೆ, ಒಳಗೆ ಜಾಲಿ ಬೆಳೆದ ಮನೆ ಪತ್ರಿಕೆಗಳಿಗೆ ವರ್ಷ ವರ್ಷ ಸುದ್ದಿ.

ಯಾಕೆ ಅಂತ ತಿಳಿಯಲು ಅಂಥ ಒಂದು ಮನೆಯೊಳಗೆ ಹೋಗಿ ನಿಂತರೆ ಸಾಕು. ಮಾನ್ವಿ ಕಡೆ ನಾನು ನೋಡಿದ ಒಂದು ಮನೆ ಗಟ್ಟಿಮುಟ್ಟಾಗಿಯೇ ಇತ್ತು. ಕಾಂಕ್ರೀಟ್ ಛಾವಣಿ, ಒಂದು ಕೋಣೆ, ಅಡುಗೆಗೆ ಒಂದು ಮೂಲೆ. ಆದರೆ ಎತ್ತು ಕಟ್ಟಲು ಜಾಗ ಎಲ್ಲಿ? ಮೇವಿನ ಬಣವೆ ಎಲ್ಲಿ ಒಟ್ಟಬೇಕು? ತಿಪ್ಪೆ ಎಲ್ಲಿ? ಹೊಲ ಇರೋದು ಹಳೇ ಊರಿನ ಪಕ್ಕ, ಮನೆ ಇಲ್ಲಿ. ಬೋರಿನಲ್ಲಿ ನೀರು ಬಂದರೆ ಬಂತು. "ಮನೀ ಚಲೋ ಅದರಿ, ಆದ್ರ ಇಲ್ಲಿ ಬದುಕು ಇಲ್ಲ" ಅಂದರು ಆ ಮನೆಯ ಯಜಮಾನಿ. ಅವರು ಅಲ್ಲಿ ಜೋಳದ ಚೀಲ ಇಡುತ್ತಿದ್ದರು. ವಾಸ ಹಳೇ ಊರಲ್ಲೇ. ಸರ್ಕಾರದ ಪಟ್ಟಿಯಲ್ಲಿ ಆ ಮನೆ 'ಪೂರ್ಣಗೊಂಡಿದೆ, ಹಸ್ತಾಂತರವಾಗಿದೆ'. ಎರಡೂ ನಿಜವೇ.

ಈ ಅನುಭವ ನಮಗೆ ಮೊದಲೇ ಗೊತ್ತಿರಬೇಕಿತ್ತು. 1993ರ ಸೆಪ್ಟೆಂಬರ್ 30ರ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ ನಡೆದದ್ದು ಕಲಬುರಗಿಯ ಪಕ್ಕದಲ್ಲೇ. ಅಲ್ಲಿ 52 ಊರುಗಳನ್ನು ಪೂರ್ತಿ ಬೇರೆ ಕಡೆ ಕಟ್ಟಿದರು. ಚೌಕಾಕಾರದ ಬಡಾವಣೆ, ಅಗಲ ರಸ್ತೆ, ಸಿಟಿ ನಕ್ಷೆ. ಓಣಿ ಹೋಯಿತು, ಕಟ್ಟೆ ಹೋಯಿತು, ನೆರೆಹೊರೆ ಚದುರಿತು ಅಂತ ಆಮೇಲೆ ಹೋಗಿ ನೋಡಿದವರೆಲ್ಲ ಬರೆದರು. 2001ರ ಭುಜ್ ಭೂಕಂಪದ ಹೊತ್ತಿಗೆ ಗುಜರಾತ್ ಬಹುಪಾಲು ಕಡೆ ಬೇರೆ ದಾರಿ ಹಿಡಿಯಿತು. ದುಡ್ಡನ್ನು ಮನೆಯವರ ಕೈಗೇ ಕಂತಿನಲ್ಲಿ ಕೊಡೋದು, ಎಂಜಿನಿಯರ್ ಬಂದು ಭೂಕಂಪ ತಡೆಯುವ ಹಾಗೆ ಕಟ್ಟಿದ್ದಾರಾ ಅಂತ ನೋಡೋದು, ಆಮೇಲೆ ಮುಂದಿನ ಕಂತು. ಎರಡೂ ಬಗೆಯ ಮನೆಗಳನ್ನು ಹೋಲಿಸಿದ ಅಧ್ಯಯನಗಳಲ್ಲಿ ತಮ್ಮ ಮನೆ ತಾವೇ ಕಟ್ಟಿಕೊಂಡವರೇ ಹೆಚ್ಚು ನೆಮ್ಮದಿಯಲ್ಲಿದ್ದದ್ದು ಕಂಡಿತು. ಅಷ್ಟಾದರೂ 2009ರಲ್ಲಿ ನಾವು ಕಿಲ್ಲಾರಿ ದಾರಿಯನ್ನೇ ಹಿಡಿದೆವು. ದಾನಿಗೆ ಒಂದು ಇಡೀ ಕಾಲೊನಿ ಕಾಣಬೇಕು, ಅದಕ್ಕೊಂದು ಕಮಾನು, ಕಮಾನಿನ ಮೇಲೆ ಹೆಸರು. ಚದುರಿ ಕಟ್ಟಿದ ಮನೆಗಳಿಗೆ ರಿಬ್ಬನ್ ಕತ್ತರಿಸೋದು ಕಷ್ಟ, ಅಲ್ವಾ?

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ಸ್ವಲ್ಪ ಬದಲಾವಣೆ ಕಂಡಿತು. ಬಟ್ಟೆ, ಪಾತ್ರೆಗೆ ಅಂತ ಕುಟುಂಬಕ್ಕೆ ತಕ್ಷಣ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಅದೂ ಕಂತಿನಲ್ಲಿ. ಪಾಯ ಆಯಿತಾ, ಗೋಡೆ ಎದ್ದಿತಾ, ಛಾವಣಿ ಬಿತ್ತಾ, ಪ್ರತಿ ಹಂತಕ್ಕೂ ಜಿಪಿಎಸ್ ಫೋಟೋ. ಬೆಳೆ ಪರಿಹಾರವೂ 'ಪರಿಹಾರ' ತಂತ್ರಾಂಶದ ಮೂಲಕ ಆಧಾರ್ ಜೋಡಿಸಿದ ಖಾತೆಗೆ ನೇರ ಜಮೆ. ಮಧ್ಯದವರ ಕಾಟ ಕಡಿಮೆಯಾಯಿತು, ಇದನ್ನು ಒಪ್ಪಬೇಕು.

ಆದರೆ ಖಾತೆ ಯಾರದು? ಸಿಂಧನೂರು, ಮಾನ್ವಿ, ಸಿರುಗುಪ್ಪ, ಗಂಗಾವತಿಯ ಭತ್ತದ ಗದ್ದೆಗಳಲ್ಲಿ ಲೀಸಿಗೆ ಮಾಡುವವರು ಬೇಕಾದಷ್ಟು. ಕರ್ನಾಟಕದಲ್ಲಿ 1974ರ ಭೂಸುಧಾರಣೆ ತಿದ್ದುಪಡಿ ಗೇಣಿಯನ್ನೇ ನಿಷೇಧಿಸಿತು. ಹಾಗಾಗಿ ಈ ಲೀಸೆಲ್ಲ ಬಾಯಿಮಾತಿನದು. ಬೀಜ, ಗೊಬ್ಬರ, ಸಾಲ ಗುತ್ತಿಗೆದಾರನದು, ಪಹಣಿಯಲ್ಲಿ ಹೆಸರು ಮಾಲೀಕನದು. ಬೆಳೆ 33 ಪರ್ಸೆಂಟಿಗಿಂತ ಜಾಸ್ತಿ ಹಾಳಾಯಿತು ಅಂತ ಸರ್ವೆ ಆದರೆ ದುಡ್ಡು ಪಹಣಿಯ ಹಿಂದೆ ಹೋಗುತ್ತೆ. ಮಾಲೀಕ ಒಳ್ಳೆಯವನಾದರೆ ಅರ್ಧ ಕೊಡುತ್ತಾನೆ. ತಂತ್ರಾಂಶದ ವರದಿಯಲ್ಲಿ ಹಣ ನೂರಕ್ಕೆ ನೂರು ತಲುಪಿದೆ. ಮೌಲ್ಯಮಾಪನ ಮಾಡುವವರು ಇದನ್ನು 'ವ್ಯಾಪ್ತಿ'ಯ ಪ್ರಶ್ನೆ ಅನ್ನುತ್ತಾರೆ: ಯಾರಿಗೆ ಸಿಕ್ಕಿತು ಅನ್ನೋದರ ಜೊತೆಗೆ ಯಾರು ಪಟ್ಟಿಯ ಹೊರಗೇ ಉಳಿದರು ಅಂತಲೂ ನೋಡಬೇಕು. ಪಟ್ಟಿ ಹಿಡಿದುಕೊಂಡು ಹೋದವನಿಗೆ ಪಟ್ಟಿಯ ಹೊರಗಿನವರು ಸಿಗೋದಾದರೂ ಹೇಗೆ?

ಕೇಳುವ ರೀತಿಯೂ ಮುಖ್ಯ. ಜೀಪು ಬಂದು ಪಂಚಾಯಿತಿ ಕಟ್ಟೆ ಮುಂದೆ ನಿಂತರೆ ಮೊದಲು ಬರೋರು ಊರ ಹಿರಿಯರು, ಅವರ ಹಿಂದೆ ನಾಲ್ಕು ಜನ. "ಎಲ್ಲಾ ಚಲೋ ಆಗ್ಯದ್ರಿ ಸರ" ಅನ್ನೋ ಉತ್ತರ ರೆಡಿ ಇರುತ್ತೆ. ಕೆಟ್ಟದ್ದು ಹೇಳಿದರೆ ಮುಂದಿನ ಕಂತು ನಿಂತರೆ? ಈ ಹೆದರಿಕೆ ಸುಳ್ಳಲ್ಲ. ಅದಕ್ಕೇ ಒಳ್ಳೆ ಮೌಲ್ಯಮಾಪಕರು ಹೆಣ್ಣುಮಕ್ಕಳನ್ನು ಬೇರೆ ಕೂರಿಸಿ ಕೇಳುತ್ತಾರೆ, ದಲಿತರ ಕೇರಿಗೆ ತಾವೇ ನಡೆದು ಹೋಗುತ್ತಾರೆ, ಪರಿಹಾರ ಸಿಗದ ಪಕ್ಕದ ಊರಿಗೂ ಹೋಗಿ ಹೋಲಿಸುತ್ತಾರೆ. ಇನ್ನೂ ಒಂದು ತೊಡಕಿದೆ. ಪರಿಹಾರ ಕೊಡದಿದ್ದರೆ ಏನಾಗುತ್ತಿತ್ತು ಅಂತ ತಿಳಿಯಲು ಅರ್ಧ ಊರಿಗೆ ಅನ್ನ ಕೊಟ್ಟು ಇನ್ನರ್ಧವನ್ನು ಉಪವಾಸ ಕೆಡವೋಕಾಗಲ್ಲ. ನೆರೆಗೆ ಮೊದಲು ಯಾರ ಮನೆಯಲ್ಲಿ ಏನಿತ್ತು ಅನ್ನೋ ಲೆಕ್ಕವೂ ಇರೋದಿಲ್ಲ, ಇದ್ದ ಕಾಗದ ನೀರಲ್ಲಿ ಹೋಗಿರುತ್ತೆ.

2005ರಲ್ಲಿ ಸಂಸತ್ತು ಎರಡು ಕಾಯ್ದೆ ಮಾಡಿತು. ವಿಪತ್ತು ನಿರ್ವಹಣಾ ಕಾಯ್ದೆಯ 12ನೇ ಸೆಕ್ಷನ್ ಸೂರು, ಅನ್ನ, ಕುಡಿಯುವ ನೀರು, ಔಷಧಿ, ಶೌಚಕ್ಕೆ ಕನಿಷ್ಠ ಮಟ್ಟ ನಿಗದಿ ಮಾಡಬೇಕು ಅಂತು. ಅದರಂತೆ ಬಂದ ಮಾರ್ಗಸೂಚಿಯಲ್ಲೂ ಅದೇ 3.5 ಚದರ ಮೀಟರ್ ಇದೆ. ಅದೇ ವರ್ಷದ ನರೇಗಾ ಕಾಯ್ದೆಯ 17ನೇ ಸೆಕ್ಷನ್ ಗ್ರಾಮಸಭೆಯಿಂದ ಸಾಮಾಜಿಕ ಲೆಕ್ಕಪರಿಶೋಧನೆ ಆಗಬೇಕು ಅಂತು. ಕೆರೆ ಹೂಳೆತ್ತಿದ ಕೂಲಿಯನ್ನು ಊರ ಮುಂದೆ ಓದಿ ಹೇಳುವ ಪದ್ಧತಿ ಬಂದಿದ್ದು ಹಾಗೆ. ನೆರೆ ಪರಿಹಾರಕ್ಕೆ ಅಂಥ ಸೆಕ್ಷನ್ ಬರೆಯಲಿಲ್ಲ.

ಆಸರೆ ಮನೆಗಳಿಗೆ ಈಗ ಹದಿನೈದು ವರ್ಷ ದಾಟಿದೆ. ಯಾರು ವಾಸ ಇದ್ದಾರೆ, ಯಾರು ಹಳೇ ಊರಿಗೆ ಮರಳಿದರು, ಹಕ್ಕುಪತ್ರ ಕೈಗೆ ಬಂತಾ, ಬೋರಿನಲ್ಲಿ ಬೇಸಿಗೆಗೂ ನೀರು ಇರುತ್ತಾ, ಎತ್ತು ಎಲ್ಲಿ ಕಟ್ಟುತ್ತಾರೆ. ಇಷ್ಟು ಕೇಳಿ ಬರೆದುಕೊಳ್ಳಲು ಜಿನೀವಾದ ದೊಡ್ಡ ನೆರವು ಸಂಸ್ಥೆಗಳಿಂದ ಯಾರೂ ಬರಬೇಕಿಲ್ಲ. ಪಿಡಿಒ, ಗ್ರಾಮ ಆಡಳಿತ ಅಧಿಕಾರಿ ಮತ್ತು ಆ ಊರಿನ ಹೆಣ್ಣುಮಕ್ಕಳ ಒಂದು ಸ್ವಸಹಾಯ ಸಂಘ ಸೇರಿದರೆ ಎರಡು ದಿನದ ಕೆಲಸ. ಮಳೆಗಾಲಕ್ಕೆ ಮೊದಲು ಮಾಡಿದರೆ ಇನ್ನೂ ಒಳ್ಳೆಯದು, ಆಗ ಜನ ಗುಳೆಯಿಂದ ಊರಿಗೆ ಬಂದಿರುತ್ತಾರೆ.