ಚೌಕದ ಮೇಲೆ ವೃತ್ತ ಕೂರುವುದು ಹೇಗೆ: ಮಸೀದಿ ವಾಸ್ತುಶಿಲ್ಪದ ಟಿಪ್ಪಣಿ

ರಾಯಚೂರಿನ ಏಕ್ ಮಿನಾರ್ ಮಸೀದಿಯನ್ನು ನೋಡುತ್ತಲೇ ಬೆಳೆದ ನನಗೆ ಮಸೀದಿಯೆಂದರೆ ಗುಮ್ಮಟ ಮತ್ತು ಮಿನಾರು ಎಂಬ ಭಾವನೆ ಎಷ್ಟು ಗಟ್ಟಿಯಾಗಿತ್ತೆಂದರೆ, ಇವೆರಡೂ ಇಲ್ಲದ ಆಧುನಿಕ ಮಸೀದಿಗಳ ಪಾಠ ಬಂದಾಗ ಬದಲಾವಣೆಯ ಕಾರಣವೇ ತಿಳಿಯಲಿಲ್ಲ. ನಮಾಜಿಗೆ ಬೇಕಾದದ್ದನ್ನೂ ಕಟ್ಟಡ ನಿಲ್ಲಲು ಬೇಕಾದದ್ದನ್ನೂ ಬೇರ್ಪಡಿಸಿಕೊಂಡ ಮೇಲೆ ದಾರಿ ಸಿಕ್ಕಿತು. ಕಿಬ್ಲಾ, ಅಂದರೆ ಮೆಕ್ಕಾದ ದಿಕ್ಕು (ನಮ್ಮಲ್ಲಿ ಪಶ್ಚಿಮ, ತುಸು ವಾಯವ್ಯಕ್ಕೆ), ಸಾಲಾಗಿ ನಿಲ್ಲಲು ಜಾಗ, ವಜೂಗೆ (ನಮಾಜಿಗೆ ಮುಂಚೆ ಕೈಕಾಲು, ಮುಖ ತೊಳೆಯುವುದಕ್ಕೆ) ನೀರು: ಇವು ಮೊದಲನೆಯ ಗುಂಪು. ಕಮಾನು, ಗುಮ್ಮಟ ಎರಡನೆಯದು. ಮದೀನಾದ ಪ್ರವಾದಿಯ ಮಸೀದಿಗೆ ಮೊದಲಿಗೆ ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಕಾಂಡದ ಕಂಬಗಳಿದ್ದವು. ಗುಮ್ಮಟವಾಗಲಿ ಮಿನಾರಾಗಲಿ ಇರಲಿಲ್ಲ.

ಮಿನಾರು ಆಮೇಲೆ ಬಂದದ್ದು. ನಮ್ಮ ಊರಿನದು 1513ರಲ್ಲಿ, ಬಹಮನಿ ದೊರೆ ಮಹಮೂದ್ ಶಾಹನ ಕಾಲದಲ್ಲಿ ಕಟ್ಟಿದ್ದು. ಸುಮಾರು 65 ಅಡಿ ಎತ್ತರ, ಒಳಗೆ ಸುರುಳಿ ಮೆಟ್ಟಿಲು.

ನಾನು ಎಡವಿದ್ದು ಗುಮ್ಮಟದಲ್ಲಿ. ಕೋಣೆ ಚೌಕ, ಗುಮ್ಮಟದ ಬುಡ ವೃತ್ತ. ಕೇರಂ ಬೋರ್ಡಿನ ಮೇಲೆ ಅದರಷ್ಟೇ ಅಗಲದ ಪರಾತವನ್ನು ಬೋರಲು ಹಾಕಿ ನೋಡಿ: ಅಂಚು ನಾಲ್ಕು ಬದಿಗಳ ನಡುವೆ ಮಾತ್ರ ಚೌಕಟ್ಟನ್ನು ಮುಟ್ಟುತ್ತದೆ. ಬೋರ್ಡಿನ ಜಾಗದಲ್ಲಿ ಖಾಲಿ ಕೋಣೆಯಿದ್ದರೆ, ಮೂಲೆಗಳ ಎದುರು ಪರಾತದ ಅಂಚಿಗೆ ಆಸರೆಯೇ ಇರುವುದಿಲ್ಲ. ಇಲ್ಲಿ ಲೆಕ್ಕ ಮಾಡಿದಾಗಲೇ ನನಗೆ ಅರ್ಥವಾದದ್ದು. 10 ಅಡಿ ಬದಿಯ ಚೌಕದಲ್ಲಿ ನಡುವಿನಿಂದ ಮೂಲೆಗೆ 7.07 ಅಡಿ, ವೃತ್ತದ ತ್ರಿಜ್ಯ 5 ಅಡಿ, ಆದ್ದರಿಂದ ಮೂಲೆಯಲ್ಲಿ ಉಳಿಯುವ ಸಂದು 2.07 ಅಡಿ. ಪ್ರತಿ ಮೂಲೆಗೂ ಅಡ್ಡಲಾಗಿ ಒಂದು ಕಮಾನು ಕಟ್ಟಿದರೆ (ಇದೇ ಸ್ಕ್ವಿಂಚ್) ಚೌಕವು ಎಂಟು ಮೂಲೆಯದಾಗುತ್ತದೆ. ಈಗ ನಡುವಿನಿಂದ ಮೂಲೆಗೆ 5.41 ಅಡಿ, ಸಂದು 0.41 ಅಡಿ, ಅಂದರೆ ಐದು ಅಂಗುಲ ಮಾತ್ರ. ಅಷ್ಟನ್ನು ಕಲ್ಲು ಮುಂದಕ್ಕೆ ಚಾಚಿಯೇ ತುಂಬಬಹುದು. ಸ್ಕ್ವಿಂಚ್ ಅಲಂಕಾರವೆಂದು ಬರೆದುಕೊಂಡಿದ್ದ ನನ್ನ ಹಳೆಯ ಟಿಪ್ಪಣಿ ತಪ್ಪು. ಗುಮ್ಮಟದ ಭಾರವನ್ನು ಗೋಡೆಗೆ ಇಳಿಸುವುದೇ ಅದರ ಕೆಲಸ.

ವಿಜಯಪುರದವರು ಇನ್ನೂ ಮುಂದೆ ಹೋದರು. ಅಲ್ಲಿಯ ಜಾಮಿ ಮಸೀದಿಯಲ್ಲಿ, ಅನಂತರ 1656ರ ಗೋಳಗುಮ್ಮಟದಲ್ಲಿ (ಅದು ಮಸೀದಿಯಲ್ಲ, ಮೊಹಮ್ಮದ್ ಆದಿಲ್ ಶಾಹನ ಸಮಾಧಿ, ಪರೀಕ್ಷೆಯಲ್ಲಿ ಇದನ್ನು ಬೆರೆಸಬಾರದು) ಕಮಾನುಗಳು ಒಂದನ್ನೊಂದು ಹಾಯುತ್ತವೆ. ಒಂದು ಚೌಕದ ಮೇಲೆ ಇನ್ನೊಂದನ್ನು 45 ಡಿಗ್ರಿ ತಿರುಗಿಸಿ ಇಟ್ಟರೆ ನಡುವೆ ಎಂಟು ಮೂಲೆಯ ಆಕೃತಿ ತಾನಾಗಿ ಮೂಡುವುದನ್ನು ಕಾಗದದ ಮೇಲೆ ಬಿಡಿಸಿ ನೋಡಲೇಬೇಕು. ಒಳಕ್ಕೆ ಚಾಚಿದ ಆ ಕಮಾನುಗಳ ಕಲ್ಲಿನ ರಾಶಿಯ ಭಾರವು ಗುಮ್ಮಟದ ಹೊರದೂಡುವಿಕೆಯನ್ನು ತಡೆಯುತ್ತದೆ.

ಕಲ್ಲು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಆದ್ದರಿಂದಲೇ ಅಗಲವಾದ ಜಾಗಕ್ಕೆ ಕಮಾನು ಮತ್ತು ಗುಮ್ಮಟ ಬೇಕಾಗಿದ್ದವು. ಕಾಂಕ್ರೀಟಿನೊಳಗಿನ ಕಬ್ಬಿಣ ಎಳೆತವನ್ನೂ ಹೊತ್ತುಕೊಂಡಾಗ ಆ ಅನಿವಾರ್ಯತೆ ಹೋಯಿತು. ತುರ್ಕಿಯ ವೇದತ್ ದಲೋಕಾಯ್ ವಿನ್ಯಾಸಗೊಳಿಸಿದ ಇಸ್ಲಾಮಾಬಾದಿನ ಫೈಸಲ್ ಮಸೀದಿ (1986) ಡೇರೆಯ ಆಕಾರದಲ್ಲಿದೆ. ಗುಮ್ಮಟವಿಲ್ಲ, ಆದರೆ ನಾಲ್ಕು ಮಿನಾರುಗಳು ಉಳಿದಿವೆ.

ಮರೀನಾ ತಬಸ್ಸುಮ್ ರೂಪಿಸಿದ ಢಾಕಾದ ಬೈತ್ ಉರ್ ರೌಫ್ ಮಸೀದಿಯಲ್ಲಿ (2012, 2016ರ ಆಗಾ ಖಾನ್ ಪ್ರಶಸ್ತಿ) ಎರಡೂ ಇಲ್ಲ. ನನಗೆ ಅತ್ಯಂತ ಇಷ್ಟವಾದದ್ದು ಇದೇ. ನಿವೇಶನ ಕಿಬ್ಲಾಕ್ಕೆ ನೇರವಾಗಿರಲಿಲ್ಲ, 13 ಡಿಗ್ರಿ ವಾಲಿತ್ತು. ಹೊರಗಿನ ಇಟ್ಟಿಗೆಯ ಚೌಕವನ್ನು ರಸ್ತೆಗೆ ಸರಿಯಾಗಿ ಇರಿಸಿ, ಅದರೊಳಗೆ ಒಂದು ವೃತ್ತವನ್ನು ಕಟ್ಟಿ, ವೃತ್ತಕ್ಕೆ ಮುಖವೇ ಇಲ್ಲದ್ದರಿಂದ ಅದರೊಳಗಿನ ಪ್ರಾರ್ಥನಾ ಚೌಕವನ್ನು ಕಿಬ್ಲಾದ ಕಡೆಗೆ ತಿರುಗಿಸಿದ್ದಾರೆ. ಚೌಕ ಮತ್ತು ವೃತ್ತದ ಅದೇ ಹಳೆಯ ಜೋಡಿ ಇಲ್ಲಿ ಚಾವಣಿಯಿಂದ ನೆಲಕ್ಕೆ ಇಳಿದಿದೆ. ಒಳಚೌಕಕ್ಕೂ ವೃತ್ತಕ್ಕೂ ನಡುವೆ ಉಳಿಯುವ ನಾಲ್ಕು ಸಂದುಗಳನ್ನು ತುಂಬದೆ ಆಕಾಶಕ್ಕೆ ತೆರೆದು, ಬೆಳಕು ಅಲ್ಲಿಂದಲೇ ಇಳಿಯುವಂತೆ ಮಾಡಿದ್ದಾರೆ.